ಸೈಬರ್ ಸೆಕ್ಯುರಿಟಿಯಲ್ಲಿ ಮಾಸ್ಟರ್ಸ್: ಕಲಬುರಗಿ, ಬೀದರ್, ಯಾದಗಿರಿ ಹುಡುಗರಿಗೆ ಖರ್ಚಿನ ನಿಜವಾದ ಲೆಕ್ಕ

ಬಿ.ಇ. ಕೊನೆಯ ವರ್ಷದಲ್ಲಿರುವವರು, ಬಿಸಿಎ ಮುಗಿಸಿದವರು, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಸಪೋರ್ಟ್ ಕೆಲಸಕ್ಕೆ ಸೇರಿದವರು ಎಲ್ಲರೂ ಮೊದಲು ಕೇಳುವುದು "ಕಡಿಮೆ ಫೀ ಯಾವ ಕಾಲೇಜಿನಾಗ ಅದ?" ಅಂತ. ಆದರೆ ಕಡಿಮೆ ಫೀ ಇದ್ದ ಮಾತ್ರಕ್ಕೆ ಓದು ಅಗ್ಗವಾಗುವುದಿಲ್ಲ. ಕೈಯಿಂದ ಹೋಗುವ ಹಣ, ಕೈಗೆ ಬರುವ ಸ್ಟೈಪೆಂಡ್, ಓದುವಾಗ ತಪ್ಪಿಹೋಗುವ ಸಂಬಳ, ಸಾಲದ ಬಡ್ಡಿ ಈ ನಾಲ್ಕನ್ನೂ ಕೂಡಿಸಿ ಕಳೆದ ಮೇಲೆ ಉಳಿಯುವುದೇ ನಿಜವಾದ ಖರ್ಚು. ಹಾಗೆ ಲೆಕ್ಕ ಹಾಕಿದರೆ ನಮ್ಮ ಕಡೆಯ ಬಿ.ಇ. ವಿದ್ಯಾರ್ಥಿಗೆ ಎಲ್ಲಕ್ಕಿಂತ ಅಗ್ಗದ ದಾರಿ ಒಂದೇ: ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್‌ನಲ್ಲಿ ಅರ್ಹತೆ ಪಡೆದು, ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆ ಇರುವ ಪೂರ್ಣಾವಧಿ ಎಂ.ಟೆಕ್ ಸೇರುವುದು. ಅದು ಕೈತಪ್ಪಿದಾಗ ಮಾತ್ರ ಬೇರೆ ದಾರಿ ನೋಡಬೇಕು.

ಲೆಕ್ಕ ಹೀಗೆ. ಗೇಟ್ ಅರ್ಹತೆಯೊಂದಿಗೆ ಎಂ.ಟೆಕ್ ಸೇರಿದವರಿಗೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿಯಂತೆ 24 ತಿಂಗಳು ವಿದ್ಯಾರ್ಥಿವೇತನ ಕೊಡುತ್ತದೆ. ಒಟ್ಟು 2,97,600 ರೂಪಾಯಿ. ಉದಾಹರಣೆಗೆ ಒಂದು ಕಾಲೇಜಿನ ಫೀ ವರ್ಷಕ್ಕೆ 80,000, ಊಟ-ವಸತಿ ತಿಂಗಳಿಗೆ 6,000 ಅಂತ ಇಟ್ಟುಕೊಳ್ಳಿ. ಎರಡು ವರ್ಷಕ್ಕೆ 1,60,000 ಮತ್ತು 1,44,000 ಸೇರಿ 3,04,000. ಸ್ಟೈಪೆಂಡ್ ಕಳೆದರೆ ಮನೆಯಿಂದ ಹೋಗುವುದು ಬರೀ 6,400 ರೂಪಾಯಿ. ಅದೇ ಕಾಲೇಜು, ಅದೇ ಸೀಟು, ಗೇಟ್ ಇಲ್ಲದಿದ್ದರೆ ಮೂರು ಲಕ್ಷ ನಾಲ್ಕು ಸಾವಿರ.

ಈಗ ಇನ್ನೊಂದು ಉದಾಹರಣೆ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯ, ಫೀ ವರ್ಷಕ್ಕೆ ಎರಡೂವರೆ ಲಕ್ಷ, ಪೇಯಿಂಗ್ ಗೆಸ್ಟ್ ವಸತಿ ಮತ್ತು ಊಟಕ್ಕೆ ತಿಂಗಳಿಗೆ 12,000. ಎರಡು ವರ್ಷಕ್ಕೆ 7,88,000, ಅಂದರೆ ಎಂಟು ಲಕ್ಷ ಸಾಲ. ಶೇ. 10.5 ಬಡ್ಡಿಯಲ್ಲಿ ಮೊದಲ ವರ್ಷದ ಆರಂಭದಲ್ಲಿ ನಾಲ್ಕು ಲಕ್ಷ, ಎರಡನೇ ವರ್ಷದ ಆರಂಭದಲ್ಲಿ ಇನ್ನು ನಾಲ್ಕು ಲಕ್ಷ ಬ್ಯಾಂಕ್ ಬಿಡುಗಡೆ ಮಾಡಿತು ಅನ್ನಿ. ಓದು ಮುಗಿದು, ಕಂತು ಕಟ್ಟಬೇಕಿಲ್ಲದ ಒಂದು ವರ್ಷದ ವಿರಾಮವೂ ಕಳೆಯುವಷ್ಟರಲ್ಲಿ ಸರಳ ಬಡ್ಡಿಯೇ 42,000, 84,000, ಮತ್ತೆ 84,000 ಸೇರಿ 2,10,000 ಆಗಿರುತ್ತದೆ. ಆ 10,10,000ವನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 17,000. ಹೊಸಬರ ಕೈಗೆ ಬರುವ ಸಂಬಳದಲ್ಲಿ ಈ ಕಂತು ಕಟ್ಟಿ ಬೆಂಗಳೂರಿನ ಬಾಡಿಗೆಯನ್ನೂ ಕಟ್ಟುವುದು ಎಷ್ಟು ಕಷ್ಟ ಅನ್ನುವುದನ್ನು ಸೀಟು ಹಿಡಿಯುವ ಮುಂಚೆ ಮನೆಯವರೆಲ್ಲ ಕೂತು ನೋಡಬೇಕು. ಕೆಲಸ ಬಿಟ್ಟು ಓದಲು ಹೋಗುವವರು ಇನ್ನೊಂದು ಸಾಲು ಸೇರಿಸಿಕೊಳ್ಳಿ: ತಿಂಗಳಿಗೆ 25,000ದ ಕೆಲಸ ಬಿಟ್ಟರೆ ಎರಡು ವರ್ಷಕ್ಕೆ ಆರು ಲಕ್ಷ ಸಂಬಳ ತಪ್ಪಿತು.

ಗೇಟ್ ಬಗ್ಗೆ ಇರುವ ಅನಗತ್ಯ ಭಯ

ಗೇಟ್ ಅಂದರೆ ಐಐಟಿಗೆ ಹೋಗುವವರ ಪರೀಕ್ಷೆ, ನಮಗಲ್ಲ ಅನ್ನುವ ಮಾತು ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಇದರಿಂದ ಆಗಿರುವ ನಷ್ಟ ದೊಡ್ಡದು. ಸ್ಟೈಪೆಂಡಿಗೆ ದೊಡ್ಡ ರ‍್ಯಾಂಕ್ ಬೇಕಿಲ್ಲ, ಕ್ವಾಲಿಫೈ ಆದರೆ ಸಾಕು. ಕಂಪ್ಯೂಟರ್ ಸೈನ್ಸ್ ಪತ್ರಿಕೆಯಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ 25ರಿಂದ 33ರ ನಡುವೆ ಓಡಾಡಿದೆ. ಒಬಿಸಿ ಮತ್ತು ಇಡಬ್ಲ್ಯೂಎಸ್‌ಗೆ (ಸಾಮಾನ್ಯ ವರ್ಗದಲ್ಲಿ ಆರ್ಥಿಕವಾಗಿ ಹಿಂದುಳಿದವರು) ಅದರ ಶೇ. 90, ಎಸ್‌ಸಿ, ಎಸ್‌ಟಿ ಮತ್ತು ದಿವ್ಯಾಂಗರಿಗೆ ಅದರ ಮೂರನೇ ಎರಡು ಭಾಗ.

ಪತ್ರಿಕೆ ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಸಾಮಾನ್ಯ ಸಾಮರ್ಥ್ಯಕ್ಕೆ 15 ಅಂಕ, ಎಂಜಿನಿಯರಿಂಗ್ ಗಣಿತಕ್ಕೆ 13, ಉಳಿದ 72 ವಿಷಯಕ್ಕೆ. ಮೊದಲ ಎರಡು ಸೇರಿದರೇ 28. ಅಷ್ಟನ್ನೂ ಯಾರೂ ಪೂರ್ತಿ ತೆಗೆಯುವುದಿಲ್ಲ, ನಿಜ. ಆದರೆ ಅವೆರಡರಲ್ಲಿ 16-18 ತೆಗೆದವರಿಗೆ 72ರಲ್ಲಿ ಇನ್ನು 15 ಅಂಕ ಸಿಕ್ಕರೂ ಸಾಮಾನ್ಯವಾಗಿ ಗೆರೆ ದಾಟಬಹುದು. ಆ ಹದಿನೈದಕ್ಕೆ ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರ್ ನೆಟ್‌ವರ್ಕ್, ಸಿ ಪ್ರೋಗ್ರಾಮಿಂಗ್ ಮತ್ತು ಡೇಟಾ ಸ್ಟ್ರಕ್ಚರ್, ಡಿಬಿಎಂಎಸ್ ಈ ನಾಲ್ಕನ್ನು ಗಟ್ಟಿಯಾಗಿ ಓದಿ. ಇವುಗಳಲ್ಲಿ ಮೊದಲ ಮೂರು ಸೆಕ್ಯುರಿಟಿಗೂ ಬುನಾದಿ. ಪಾಯಿಂಟರ್ ಮತ್ತು ಸ್ಟ್ಯಾಕ್ ತಿಳಿಯದವರಿಗೆ ಬಫರ್ ಓವರ್‌ಫ್ಲೋ (ಮೆಮೊರಿಯ ಮಿತಿ ಮೀರಿ ಬರೆದು ಮಾಡುವ ದಾಳಿ) ತಲೆಗೆ ಹತ್ತುವುದಿಲ್ಲ. ಟಿಸಿಪಿ ಹ್ಯಾಂಡ್‌ಶೇಕ್ ತಿಳಿಯದವರಿಗೆ ಪೋರ್ಟ್ ಸ್ಕ್ಯಾನ್ (ಯಂತ್ರದ ಯಾವ ಬಾಗಿಲು ತೆರೆದಿದೆ ಅಂತ ಹುಡುಕುವುದು) ಬರೀ ಒಂದು ಕಮಾಂಡ್ ಆಗಿ ಉಳಿಯುತ್ತದೆ.

ಅಂಕ ಕಳೆಯುವ ಜಾಗ ಗೊತ್ತಿರಲಿ. ಒಂದು ಉತ್ತರ ಆರಿಸುವ ಪ್ರಶ್ನೆಗಳಲ್ಲಿ ತಪ್ಪಾದರೆ ಒಂದು ಅಂಕದ್ದಕ್ಕೆ ಮೂರನೇ ಒಂದು, ಎರಡು ಅಂಕದ್ದಕ್ಕೆ ಮೂರನೇ ಎರಡು ಕಡಿತ. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದಾದ ಪ್ರಶ್ನೆಗಳಿಗೂ ಸಂಖ್ಯೆ ಬರೆಯುವ ಪ್ರಶ್ನೆಗಳಿಗೂ ಕಡಿತ ಇಲ್ಲ. ಇವನ್ನು ಖಾಲಿ ಬಿಟ್ಟು ಬರಬೇಡಿ.

ಪದವಿಯ ಮೂರನೇ ವರ್ಷದಿಂದಲೇ ಗೇಟ್ ಬರೆಯಬಹುದು, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ಬಿ.ಇ. ಮೂರನೇ ವರ್ಷದಲ್ಲೇ ಒಮ್ಮೆ ಬರೆಯಿರಿ. ಆಗದಿದ್ದರೆ ಕೊನೆಯ ವರ್ಷ ಮತ್ತೆ ಬರೆಯಲು ಅವಕಾಶ ಇದ್ದೇ ಇದೆ. ಪರೀಕ್ಷೆ ಫೆಬ್ರುವರಿಯಲ್ಲಿ, ಅರ್ಜಿ ಹಿಂದಿನ ಮಳೆಗಾಲದ ಕೊನೆಗೇ ಶುರುವಾಗುತ್ತದೆ. ಜನವರಿಯಲ್ಲಿ ನೆನಪಾದರೆ ಒಂದು ವರ್ಷ ಹೋಯಿತು.

ಸ್ಟೈಪೆಂಡ್ ನಿಂತುಹೋಗುವುದು ಎಲ್ಲಿ

ಸೇರಿದ ದಿನದಿಂದಲೇ ಹಣ ಬರುತ್ತದೆ ಅಂದುಕೊಳ್ಳಬೇಡಿ. ಕಾಲೇಜು ಮೊದಲು ಎಐಸಿಟಿಇ ಪೋರ್ಟಲ್‌ನಲ್ಲಿ ನಿಮ್ಮ ಗುರುತಿನ ಸಂಖ್ಯೆ ಸೃಷ್ಟಿಸಬೇಕು, ದಾಖಲೆ ಪರಿಶೀಲಿಸಬೇಕು, ಆಮೇಲೆ ತಿಂಗಳು ತಿಂಗಳು ಹಾಜರಿ ದೃಢಪಡಿಸಬೇಕು. ಮೊದಲ ಕಂತಿಗೆ ತಿಂಗಳುಗಳೇ ಹಿಡಿಯಬಹುದು. ಆರು ತಿಂಗಳ ಊಟ-ಬಾಡಿಗೆಯ ಹಣ ಬೇರೆಯಾಗಿ ಇಟ್ಟುಕೊಂಡೇ ಹೊರಡಿ. ಬ್ಯಾಂಕ್ ಖಾತೆ ಸಾಮಾನ್ಯ ಉಳಿತಾಯ ಖಾತೆಯೇ ಆಗಿರಲಿ, ಆಧಾರ್ ಜೋಡಣೆ ಆಗಿರಲಿ. ಪಿಯುಸಿಯಲ್ಲಿ ತೆಗೆಸಿದ ಮಿತಿ ಇರುವ ಜೀರೋ ಬ್ಯಾಲೆನ್ಸ್ ಖಾತೆ ಕೊಟ್ಟರೆ ಪಾವತಿ ವಾಪಸ್ ಹೋಗಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಈ ಮೂರರಲ್ಲಿ ಹೆಸರು ಒಂದೇ ಥರ ಇರಬೇಕು. ನಮ್ಮ ಕಡೆ ಅಪ್ಪನ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ ಅನ್ನುವುದು ಸಾಮಾನ್ಯ. ಕೊನೆಯ ಸೆಮಿಸ್ಟರಿನಲ್ಲೇ ಸರಿಪಡಿಸಿಕೊಳ್ಳಿ.

ವಾರಕ್ಕೆ 8ರಿಂದ 10 ಗಂಟೆ ಬೋಧನೆ ಅಥವಾ ಸಂಶೋಧನೆಯ ಕೆಲಸ ಮಾಡಬೇಕು ಅನ್ನುವ ಷರತ್ತಿದೆ. ಬೇರೆ ಸಂಬಳ ಅಥವಾ ಸ್ಟೈಪೆಂಡ್ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ. ಎಂಸಿಎ ಮತ್ತು ಎಂ.ಎಸ್ಸಿ.ಗೆ ಈ ಯೋಜನೆ ಅನ್ವಯಿಸುವುದಿಲ್ಲ ಅನ್ನುವುದು ಬಿಸಿಎ ಓದಿದವರಿಗೆ ಮುಖ್ಯ.

371ಜೆ ಪ್ರಮಾಣಪತ್ರ, ಮತ್ತು ಅದು ಕೆಲಸಕ್ಕೆ ಬರದ ಜಾಗ

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಅಡಿಯಲ್ಲಿ ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಸಂಸ್ಥೆಗಳಲ್ಲಿ ಶೇ. 8 ಸೀಟು ಮೀಸಲು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ಎಂ.ಟೆಕ್ ಅಥವಾ ಎಂಸಿಎ ಸೇರುವವರಿಗೆ ಇದು ದೊಡ್ಡ ಬಲ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ ಅರ್ಹತಾ ಪ್ರಮಾಣಪತ್ರ ಕೈಯಲ್ಲಿದ್ದರೆ ಮಾತ್ರ ಅದರ ಲಾಭ. ಅರ್ಜಿ ತುಂಬುವಾಗ ಆ ಕಲಂ ಖಾಲಿ ಬಿಟ್ಟು, ಆಮೇಲೆ ದಾಖಲೆ ಪರಿಶೀಲನೆಯಲ್ಲಿ ತೋರಿಸಲು ಹೋಗಿ ಕೈಸುಟ್ಟುಕೊಳ್ಳುವವರು ಪ್ರತಿ ವರ್ಷ ಇದ್ದಾರೆ. ಮೊದಲೇ ತುಂಬಿ. ಗೇಟ್ ಅರ್ಹತೆ ಇದ್ದರೆ ಅದನ್ನೂ ಅಲ್ಲೇ ನಮೂದಿಸಿ, ಎಂ.ಟೆಕ್ ಹಂಚಿಕೆಯಲ್ಲಿ ಗೇಟ್ ಇದ್ದವರಿಗೆ ಆದ್ಯತೆ ಇದೆ.

ಆದರೆ ಎನ್‌ಐಟಿಗಳಿಗೆ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ 371ಜೆ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಮೀಸಲಾತಿ ಮಾತ್ರ. ನಮ್ಮ ಕಡೆಯವರು ಎಡವುವುದು ಇಲ್ಲೇ. ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಅಲ್ಲಿ ಲೆಕ್ಕಕ್ಕಿಲ್ಲ. ಕೇಂದ್ರದ ನಮೂನೆಯ ಒಬಿಸಿ ನಾನ್-ಕ್ರೀಮಿಲೇಯರ್ ಪತ್ರವೇ ಬೇಕು, ಅದೂ ಚಾಲ್ತಿ ಹಣಕಾಸು ವರ್ಷದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ಮುಖ್ಯವಾಗಿ 3ಬಿಯವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು ಇಡಬ್ಲ್ಯೂಎಸ್ ಕೇಳಬಹುದು. ಆದರೆ ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿರುವುದರ ಜೊತೆಗೆ ಕೃಷಿ ಜಮೀನು ಐದು ಎಕರೆಗಿಂತ ಕಡಿಮೆ ಇರಬೇಕು. ಮಳೆ ನಂಬಿದ ಎಂಟು ಎಕರೆ ತೊಗರಿ ಹೊಲದ ಆದಾಯ ಎಷ್ಟೇ ಕಡಿಮೆಯಿರಲಿ, ಪಹಣಿ ನೋಡಿದಾಗ ಇಡಬ್ಲ್ಯೂಎಸ್ ಸಿಗುವುದಿಲ್ಲ. ಒಣಬೇಸಾಯದ ಜಿಲ್ಲೆಗಳಿಗೆ ಇದು ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೂ ನಿಯಮ ಇರುವುದು ಹಾಗೆ, ಯೋಜನೆ ಅದರಂತೆಯೇ ಆಗಬೇಕು.

ಸಿಸಿಎಂಟಿಗೆ ಪದವಿಯಲ್ಲಿ ಕನಿಷ್ಠ 6.5 ಸಿಜಿಪಿಎ ಅಥವಾ ಶೇ. 60 ಬೇಕು. ಎಸ್‌ಸಿ, ಎಸ್‌ಟಿ, ದಿವ್ಯಾಂಗರಿಗೆ 6.0 ಅಥವಾ ಶೇ. 55. ಸಿಜಿಪಿಎಯನ್ನು ಶೇಕಡಾಕ್ಕೆ ನೀವಾಗಿ ಪರಿವರ್ತಿಸಬೇಡಿ. ವಿಟಿಯುನಲ್ಲಿ ಸ್ಕೀಮ್ ಬದಲಾದಂತೆ ಸೂತ್ರವೂ ಬದಲಾಗಿದೆ, ಅಂಕಪಟ್ಟಿಯಲ್ಲಿ ಏನಿದೆಯೋ ಅದನ್ನೇ ತುಂಬಿ.

ಯಾವ ಬಾಗಿಲು ತಟ್ಟಬೇಕು

ರಾಜ್ಯದೊಳಗೆ ಮೊದಲ ಹೆಸರು ಸುರತ್ಕಲ್‌ನ ಎನ್‌ಐಟಿಕೆ. ಅಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಇನ್ಫರ್ಮೇಷನ್ ಸೆಕ್ಯುರಿಟಿಗೇ ಪ್ರತ್ಯೇಕ ಎಂ.ಟೆಕ್ ಇದೆ. ಆದರೆ ಅದಕ್ಕೆ ಗೇಟ್ ಅಂಕ ಚೆನ್ನಾಗಿರಬೇಕು, ಬರೀ ಅರ್ಹತೆ ಸಾಲದು. ಐಐಟಿಗಳಲ್ಲಿ ಕಾನ್ಪುರ ಸೈಬರ್ ಸೆಕ್ಯುರಿಟಿಯಲ್ಲಿ ಬಹಳ ಕೆಲಸ ಮಾಡಿದೆ. ಐಐಟಿ ಅರ್ಜಿಗಳು ಆಯಾ ಸಂಸ್ಥೆಗೆ ಬೇರೆ ಬೇರೆ, ಸೀಟಿನ ಆಫರ್ ಬರುವುದು ಐಐಟಿಗಳಿಗೆಲ್ಲ ಒಂದೇ ಆದ ಕೋಪ್ ಪೋರ್ಟಲ್‌ನಲ್ಲಿ. ಎರಡೂ ಕಡೆ ನೋಂದಣಿ ಆಗಿರಬೇಕು, ಒಂದನ್ನು ಮರೆತರೆ ಸೀಟು ಇಲ್ಲ.

ರಾಷ್ಟ್ರೀಯ ನ್ಯಾಯ ವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡಕ್ಕೆ ಬಂದಿರುವುದು ನಮ್ಮ ಭಾಗಕ್ಕೆ ಒಳ್ಳೆಯ ಸುದ್ದಿ. ಗಾಂಧಿನಗರದಲ್ಲಿ ಮುಖ್ಯ ಕ್ಯಾಂಪಸ್ ಇರುವ ಈ ಸಂಸ್ಥೆ 2020ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿದೆ. ಡಿಜಿಟಲ್ ಫೊರೆನ್ಸಿಕ್ಸ್ ಕಡೆ ಒಲವಿದ್ದವರು, ಅಂದರೆ ಪೊಲೀಸ್ ಪ್ರಯೋಗಾಲಯ, ತನಿಖೆ, ಮೊಬೈಲ್ ಮತ್ತು ಡಿಸ್ಕ್ ವಿಶ್ಲೇಷಣೆ ಬೇಕೆನ್ನುವವರು ಇದನ್ನು ಮೇಲಿನ ಸಾಲಿನಲ್ಲಿ ಇಡಬೇಕು. ಬಿಸಿಎ, ಬಿ.ಎಸ್ಸಿ. ಆದವರಿಗೆ ಇದರ ಎಂ.ಎಸ್ಸಿ. ಕೋರ್ಸುಗಳಿವೆ. ಯಾವ ಕೋರ್ಸು ಯಾವ ಕ್ಯಾಂಪಸ್ಸಿನಲ್ಲಿ ಅನ್ನುವುದು ಆಯಾ ವರ್ಷದ ಪ್ರವೇಶ ಪುಸ್ತಿಕೆಯಲ್ಲಿ ಇರುತ್ತದೆ, ಅದನ್ನು ಓದಿಯೇ ಆಯ್ಕೆ ತುಂಬಿ.

ಮನೆಯ ಹತ್ತಿರವೇ ಓದಬೇಕಾದವರಿಗೆ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯ ವಿಟಿಯು ಸ್ನಾತಕೋತ್ತರ ಕೇಂದ್ರ, ಪಿಡಿಎ ಎಂಜಿನಿಯರಿಂಗ್ ಕಾಲೇಜು, ಗುಲಬರ್ಗಾ ವಿಶ್ವವಿದ್ಯಾಲಯ, ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಇವೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಇಲ್ಲಿ ಸಿಗುವ ಪದವಿಯ ಹೆಸರು ಸೈಬರ್ ಸೆಕ್ಯುರಿಟಿ ಅಲ್ಲದೆ ಬರೀ ಕಂಪ್ಯೂಟರ್ ಸೈನ್ಸ್ ಆಗಿರಬಹುದು. ಅದಕ್ಕೆ ಬೇಸರ ಬೇಡ. ಮನೆಯಿಂದ ಓಡಾಡಿಕೊಂಡು, ಗೇಟ್ ಸ್ಟೈಪೆಂಡ್ ಪಡೆದು ಕಂಪ್ಯೂಟರ್ ಸೈನ್ಸ್ ಎಂ.ಟೆಕ್ ಮಾಡಿ, ಇಲೆಕ್ಟಿವ್‌ಗಳನ್ನೂ ಪ್ರಬಂಧವನ್ನೂ ಸೆಕ್ಯುರಿಟಿಯಲ್ಲಿ ಇಟ್ಟುಕೊಂಡವರು, ಎಂಟು ಲಕ್ಷ ಸಾಲ ಮಾಡಿ ಸೈಬರ್ ಸೆಕ್ಯುರಿಟಿ ಅಂತ ಹೆಸರಿರುವ ಪದವಿ ತಂದವರಿಗಿಂತ ಸಂದರ್ಶನದಲ್ಲಿ ಹಿಂದೆ ಬೀಳುವುದಿಲ್ಲ. ಉಪನ್ಯಾಸಕರಾಗುವ ಆಸೆ ಇದ್ದರಂತೂ ಮೂಲ ಶಾಖೆಯ ಹೆಸರಿನ ಪದವಿಯೇ ಹೆಚ್ಚು ಸುರಕ್ಷಿತ.

ಬೇಗ ಕೆಲಸ ಬೇಕು, ಪದವಿಯ ಕಾಗದ ಆಮೇಲೆ ನೋಡೋಣ ಅನ್ನುವವರು ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್‌ನ ಡಿಟಿಸ್ ಡಿಪ್ಲೊಮಾ ನೋಡಿ. ಐಟಿ ಮೂಲಸೌಕರ್ಯ, ಸಿಸ್ಟಮ್ ಮತ್ತು ಸೆಕ್ಯುರಿಟಿ ಕುರಿತ ಸ್ನಾತಕೋತ್ತರ ಡಿಪ್ಲೊಮಾ ಇದು, ಸುಮಾರು ಆರು ತಿಂಗಳು, 900 ಗಂಟೆಯ ಬೋಧನೆ, ಪ್ರವೇಶ ಸಿ-ಕ್ಯಾಟ್ ಪರೀಕ್ಷೆಯಿಂದ. ಇದು ಮಾಸ್ಟರ್ಸ್ ಅಲ್ಲ. ಆದರೆ ಒಂದೂವರೆ ವರ್ಷ ಉಳಿಯುತ್ತದೆ.

ಸಿಲೆಬಸ್ಸನ್ನು ಓದುವ ಬಗೆ

ಸೀಟು ಹಿಡಿಯುವ ಮುಂಚೆ ಕಾಲೇಜಿನ ಸಿಲೆಬಸ್ ಪಿಡಿಎಫ್ ತೆರೆದು ನೋಡಿ. ಕ್ರಿಪ್ಟೋಗ್ರಫಿ, ನೆಟ್‌ವರ್ಕ್ ಸೆಕ್ಯುರಿಟಿ ಎಲ್ಲ ಕಡೆ ಇರುತ್ತವೆ. ವ್ಯತ್ಯಾಸ ತಿಳಿಯುವುದು ಲ್ಯಾಬ್ ಪುಟದಲ್ಲಿ. ಲ್ಯಾಬ್ ಪಟ್ಟಿಯಲ್ಲಿ ಸೀಸರ್ ಸೈಫರ್, ಆರ್‌ಎಸ್‌ಎ ಪ್ರೋಗ್ರಾಮ್ ಬರೆಯುವುದಷ್ಟೇ ಇದ್ದರೆ ಅದು ಹದಿನೈದು ವರ್ಷ ಹಳೆಯ ಲ್ಯಾಬ್. ಪ್ಯಾಕೆಟ್ ಕ್ಯಾಪ್ಚರ್ ವಿಶ್ಲೇಷಣೆ, ಡಿಸ್ಕ್ ಇಮೇಜ್ ತೆಗೆಯುವುದು, ವೆಬ್ ಅಪ್ಲಿಕೇಶನ್ ಪರೀಕ್ಷೆ, ಮಾಲ್‌ವೇರ್‌ ಅನ್ನು ಪ್ರತ್ಯೇಕ ಯಂತ್ರದಲ್ಲಿ ಓಡಿಸಿ ನೋಡುವುದು, ಲಾಗ್‌ಗಳನ್ನು (ಯಂತ್ರದಲ್ಲಿ ನಡೆದದ್ದರ ದಾಖಲೆ) ಒಂದೆಡೆ ಸೇರಿಸಿ ಅಲರ್ಟ್ ಬರೆಯುವುದು, ಕ್ಲೌಡ್ ಅನುಮತಿಗಳ ತಪಾಸಣೆ ಇವುಗಳಲ್ಲಿ ಅರ್ಧವಾದರೂ ಇದ್ದರೆ ಮುಂದಿನ ಪುಟ ತಿರುಗಿಸಿ.

ಎರಡನೆಯದು ಪ್ರಬಂಧದ ವರ್ಷ. ಕೊನೆಯ ಎರಡು ಸೆಮಿಸ್ಟರ್ ಹೊರಗೆ ಇಂಟರ್ನ್‌ಶಿಪ್ ಮಾಡಲು ಬಿಡುತ್ತಾರೋ ಇಲ್ಲವೋ ಅಂತ ಕೇಳಿ. ಎಂ.ಟೆಕ್‌ನಿಂದ ಕೆಲಸಕ್ಕೆ ಹೋಗುವ ಸೇತುವೆ ಇದೇ. ಬಿಡುವುದಾದರೆ ಸ್ಟೈಪೆಂಡ್ ಏನಾಗುತ್ತದೆ ಅನ್ನುವುದನ್ನೂ ಅದೇ ಉಸಿರಿನಲ್ಲಿ ಕೇಳಿ. ಮೂರನೆಯದು, ಹಿಂದಿನ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ. ಕಾಲೇಜಿನ ಪೋಸ್ಟರಿನಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜ್ ನೋಡಬೇಡಿ, ಅದು ಒಬ್ಬರದ್ದು, ಕೆಲವೊಮ್ಮೆ ಬೇರೆ ವಿಭಾಗದವರದ್ದು. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರು ಮತ್ತು ವರ್ಷ ಹಾಕಿ ಹುಡುಕಿ, ಹತ್ತು ಜನರ ಹುದ್ದೆ ನೋಡಿ, ಇಬ್ಬರಿಗೆ ಸಂದೇಶ ಕಳಿಸಿ. ಕಲಬುರಗಿ, ಬೀದರ್ ಕಡೆಯವರಿದ್ದರೆ ಬಹುತೇಕ ಉತ್ತರ ಕೊಡುತ್ತಾರೆ.

ಸಾಲ: ಹೊಲ ಇದ್ದರೂ ಬ್ಯಾಂಕು ಒಪ್ಪದಿರುವುದು ಏಕೆ

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ, ಏಳೂವರೆ ಲಕ್ಷದವರೆಗೆ ಸರ್ಕಾರದ ಸಾಲ ಖಾತರಿ ನಿಧಿಯ ರಕ್ಷಣೆ ಇದೆ. ಅದರ ಮೇಲೆ ಹೋದರೆ ಆಸ್ತಿ ಕೇಳುತ್ತಾರೆ. "ಹತ್ತು ಎಕರೆ ಹೊಲ ಅದ, ಬರಕೊಡ್ತೀವಿ" ಅಂತ ಹೋದ ತಂದೆಯರನ್ನು ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಅದಕ್ಕೆ ಕಾರಣ ಇದೆ. ಬ್ಯಾಂಕು ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯ ಕಲಂ 31 ಕೃಷಿ ಭೂಮಿಯನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ, ಹಾಗಾಗಿ ಸಾಲ ಮುರಿದರೆ ಬ್ಯಾಂಕು ಅದನ್ನು ಸುಲಭವಾಗಿ ವಶಪಡಿಸಿಕೊಳ್ಳಲಾಗದು. ಬ್ಯಾಂಕು ಒಪ್ಪುವುದು ಎನ್ಎ (ಕೃಷಿಯೇತರ) ಆದ ನಿವೇಶನ, ಇ-ಖಾತಾ ಇರುವ ಮನೆ, ಎಫ್‌ಡಿ, ಎಲ್‌ಐಸಿ ಪಾಲಿಸಿ. ಹಳ್ಳಿಯ ಮನೆಗೆ ಇ-ಸ್ವತ್ತು ದಾಖಲೆ ಮಾಡಿಸಿಲ್ಲದಿದ್ದರೆ ಆ ಕೆಲಸ ಆರು ತಿಂಗಳು ಮುಂಚೆಯೇ ಶುರುಮಾಡಿ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮೆರಿಟ್ ಮೇಲೆ ಸೇರಿದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ರಿಯಾಯಿತಿ ಪಡೆಯದಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ವಿರಾಮದ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೋ ನೋಡಿ, ಮ್ಯಾನೇಜ್‌ಮೆಂಟ್ ಸೀಟಿಗೆ ಇದು ಇಲ್ಲ. ರಾಜ್ಯದ ಶುಲ್ಕ ವಿನಾಯಿತಿ ಮತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ವಿದೇಶಕ್ಕೆ ಹೋಗುವ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ.

ಆನ್‌ಲೈನ್ ಮತ್ತು ವಿದೇಶ

ಕೆಲಸದಲ್ಲಿ ಇರುವವರಿಗೆ ಆನ್‌ಲೈನ್ ಪದವಿ ಹೊಂದುತ್ತದೆ, ಯಾಕೆಂದರೆ ಸಂಬಳ ತಪ್ಪುವುದಿಲ್ಲ. ಭಾರತದ ವಿಶ್ವವಿದ್ಯಾಲಯವಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಜಾಲತಾಣದಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೇ ಅನುಮತಿ ಇದೆಯೇ ನೋಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದು ಕೋರ್ಸಿಗೆ ಇಲ್ಲದಿರಬಹುದು. ದೂರಶಿಕ್ಷಣದ ಎಂ.ಟೆಕ್ ಅಂತ ಯಾರಾದರೂ ಮಾರಲು ಬಂದರೆ ಹಣ ಕಟ್ಟಬೇಡಿ, ಎಂಜಿನಿಯರಿಂಗ್ ಪದವಿಯನ್ನು ಹಾಗೆ ಕೊಡಲು ಅನುಮತಿ ಇಲ್ಲ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇಲ್ಲಿನ ಎಡ್‌ಟೆಕ್ ಕಂಪನಿಗಳು ಕೊಡುವ ಪದವಿಗಳಿಗೂ ಮಾನ್ಯತೆ ಇಲ್ಲ ಅಂತ ಯುಜಿಸಿ 2023ರ ಡಿಸೆಂಬರಿನಲ್ಲಿ ಎಚ್ಚರಿಸಿತ್ತು. ಐಐಟಿ ಕಾನ್ಪುರದ ಇ-ಮಾಸ್ಟರ್ಸ್‌ಗೆ ಗೇಟ್ ಬೇಡ, ಆದರೆ ಫೀ ಲಕ್ಷಗಳಲ್ಲಿದೆ. ಸಂಬಳದಿಂದ ಕಟ್ಟಬಲ್ಲವರಿಗೆ, ಅಥವಾ ಕಂಪನಿ ಭರಿಸುವುದಾದರೆ ಅದು ಸರಿ.

ಅಮೆರಿಕದ ಜಾರ್ಜಿಯಾ ಟೆಕ್ 2019ರ ಜನವರಿಯಲ್ಲಿ ಆನ್‌ಲೈನ್ ಸೈಬರ್ ಸೆಕ್ಯುರಿಟಿ ಮಾಸ್ಟರ್ಸ್ ಶುರುಮಾಡಿತು, ಇಡೀ ಪದವಿ ಹತ್ತು ಸಾವಿರ ಡಾಲರ್ ಒಳಗೆ ಅನ್ನುವ ಘೋಷಣೆಯೊಂದಿಗೆ. 32 ಕ್ರೆಡಿಟ್, ಮೂರು ಕವಲು: ಇನ್ಫರ್ಮೇಷನ್ ಸೆಕ್ಯುರಿಟಿ, ಸೈಬರ್-ಫಿಸಿಕಲ್ ಸಿಸ್ಟಮ್ಸ್, ಪಾಲಿಸಿ. ಒಂದೊಂದೇ ವಿಷಯ ತೆಗೆದುಕೊಂಡು ನಿಧಾನವಾಗಿ ಮುಗಿಸಬಹುದು, ಫೀಯೂ ಹಾಗೆ ಹಂಚಿಹೋಗುತ್ತದೆ. ಕಾರ್ಪೊರೇಟ್ ಕೆಲಸಕ್ಕೆ ಇದು ಗಟ್ಟಿ ಹೆಸರು. ಸರ್ಕಾರಿ ಹುದ್ದೆಯ ಗುರಿ ಇದ್ದರೆ ವಿದೇಶಿ ಆನ್‌ಲೈನ್ ಪದವಿಗೆ ಕೈಹಾಕಬೇಡಿ, ತತ್ಸಮಾನತೆಯ ಜಗಳ ನಿಮ್ಮ ತಲೆಗೆ ಬರುತ್ತದೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನುವುದು ಬಹುಪಾಲು ನಿಜ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ, ಮ್ಯೂನಿಕ್‌ನ ಟಿಯುಎಂ ಕೂಡ 2024ರಿಂದ ಶುಲ್ಕ ಶುರುಮಾಡಿದೆ. ಕಾಟ್‌ಬುಸ್‌ನ ಬಿಟಿಯುನಲ್ಲಿ ಇಂಗ್ಲಿಷ್ ಮಾಧ್ಯಮದ ಸೈಬರ್ ಸೆಕ್ಯುರಿಟಿ ಮಾಸ್ಟರ್ಸ್ ಇದೆ. ಕಷ್ಟ ಇರುವುದು ಬೇರೆ ಕಡೆ: ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ತಿಂಗಳಿಗೆ 992ರಂತೆ ಬಿಡುಗಡೆ. ಅಂದರೆ ಫೀ ಇಲ್ಲದ ಓದಿಗೂ ಮೊದಲೇ ಹತ್ತು ಲಕ್ಷದ ಮೇಲೆ ನಗದು ತೋರಿಸಬೇಕು. ನಿಮ್ಮ ಶೈಕ್ಷಣಿಕ ದಾಖಲೆಗಳು ಅಸಲಿ ಅಂತ ದೃಢಪಡಿಸುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ, ಅದಕ್ಕೆ ಎಲ್ಲ ಸೆಮಿಸ್ಟರ್ ಅಂಕಪಟ್ಟಿ ಬೇಕು. ವಿಶ್ವವಿದ್ಯಾಲಯದ ಅಂಕಪಟ್ಟಿ ತಡವಾದರೆ ಇಡೀ ಸರಪಳಿ ತಡವಾಗುತ್ತದೆ.

ಕೆಲಸ ಯಾವುದು, ಅದಕ್ಕೆ ಏನು ಕೈಯಲ್ಲಿರಬೇಕು

ಹೊಸಬರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಎಸ್‌ಓಸಿ ವಿಶ್ಲೇಷಕರ ಹುದ್ದೆ, ಅಂದರೆ ಕಂಪನಿಯ ಜಾಲದ ಮೇಲೆ ದಾಳಿ ಆಗುತ್ತಿದೆಯೇ ಅಂತ ಹಗಲಿರುಳು ಕಾಯುವ ಕೆಲಸ. ರಾತ್ರಿ ಪಾಳಿ ಇರುತ್ತದೆ, ಮನೆಯವರಿಗೆ ಮೊದಲೇ ತಿಳಿಸಿ. ಎರಡನೆಯದು ಆಡಿಟ್ ಮತ್ತು ನಿಯಮ ಪಾಲನೆಯ ಕೆಲಸ, ಕಂಪನಿಗಳಲ್ಲಿ ಜಿಆರ್‌ಸಿ ಅನ್ನುತ್ತಾರೆ. ಇದಕ್ಕೆ ಬೇಡಿಕೆ ಬರುವುದು ಕಾನೂನಿನಿಂದ. ಕೇಂದ್ರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಸೈಬರ್ ದಾಳಿಯಂಥ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಅನ್ನುತ್ತದೆ. ಬ್ಯಾಂಕುಗಳಿಗೆ ಆರ್‌ಬಿಐನ 2016ರ ಚೌಕಟ್ಟು, ಷೇರು ವಲಯಕ್ಕೆ ಸೆಬಿಯ 2024ರ ಚೌಕಟ್ಟು, ಎಲ್ಲರಿಗೂ 2023ರ ಡೇಟಾ ಸಂರಕ್ಷಣಾ ಕಾಯ್ದೆ. ಇವನ್ನು ಓದಿ ಅರ್ಥಮಾಡಿಕೊಂಡು ಸರಳವಾಗಿ ಬರೆಯಬಲ್ಲವರು ಕಡಿಮೆ, ಆದ್ದರಿಂದ ಕೋಡಿಂಗ್ ಅಷ್ಟಾಗಿ ಒಲಿಯದವರಿಗೂ ಇಲ್ಲಿ ಜಾಗ ಇದೆ. ಪೆಂಟೆಸ್ಟಿಂಗ್ (ಅನುಮತಿ ಪಡೆದು ದಾಳಿ ಮಾಡಿ ದೋಷ ಹುಡುಕುವುದು) ಎಲ್ಲರಿಗೂ ಆಸೆ, ಹೊಸಬರಿಗೆ ಹುದ್ದೆ ಕಡಿಮೆ.

ಪದವಿ ಅರ್ಜಿಯನ್ನು ಮೇಲಕ್ಕೆ ತರುತ್ತದೆ, ಸಂದರ್ಶನ ಗೆಲ್ಲಿಸುವುದು ಕೈಕೆಲಸ. 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು, 8 ಜಿಬಿಯಲ್ಲಿ ಎರಡು ವರ್ಚುವಲ್ ಯಂತ್ರ (ಲ್ಯಾಪ್‌ಟಾಪಿನೊಳಗೆ ತಂತ್ರಾಂಶದಿಂದ ಓಡಿಸುವ ಕಂಪ್ಯೂಟರ್) ಒಟ್ಟಿಗೆ ಓಡುವಾಗ ಹೆಪ್ಪುಗಟ್ಟುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಉಬುಂಟು ಯಂತ್ರ ಮಾಡಿ ಅದರಲ್ಲಿ ಲಾಗ್ ಸೇರಿಸಿ ಅಲರ್ಟ್ ಕೊಡುವ ವಾಜೂ ಸರ್ವರ್ ಹಾಕಿ, ಅದಕ್ಕೆ 8 ಜಿಬಿ ಕೊಡಿ. ಇನ್ನೊಂದು ವಿಂಡೋಸ್ ಯಂತ್ರ, ಅದರಲ್ಲಿ ಸಿಸ್‌ಮಾನ್ (ವಿಂಡೋಸ್‌ನ ಒಳಗಿನ ಚಟುವಟಿಕೆ ದಾಖಲಿಸುವ ಉಪಕರಣ) ಮತ್ತು ವಾಜೂ ಏಜೆಂಟ್. ವಿಂಡೋಸ್‌ಗೆ ಬೇಕೆಂದೇ ತಪ್ಪು ಪಾಸ್‌ವರ್ಡ್ ಐದಾರು ಸಲ ಹಾಕಿ, ಆಮೇಲೆ ಸರಿಯಾದದ್ದು ಹಾಕಿ. ಲಾಗ್‌ನಲ್ಲಿ 4625 (ಲಾಗಿನ್ ವಿಫಲ) ಸಾಲಾಗಿ ಬಂದು ಕೊನೆಗೆ 4624 (ಲಾಗಿನ್ ಸಫಲ) ಬರುವುದನ್ನು ನೋಡಿ, ಹಾಗೆ ಬಂದಾಗ ಅಲರ್ಟ್ ಕೊಡುವ ನಿಯಮ ನೀವೇ ಬರೆಯಿರಿ. ಎಸ್‌ಓಸಿ ಸಂದರ್ಶನದ ಅರ್ಧ ಪ್ರಶ್ನೆ ಇದರ ಸುತ್ತಲೇ. ವರ್ಚುವಲ್ ಯಂತ್ರ ಏಳಲೇ ಇಲ್ಲ ಅಂದರೆ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆಫ್ ಇರುತ್ತದೆ, ತುಂಬ ನಿಧಾನ ಅಂದರೆ ವಿಂಡೋಸ್‌ನ ಹೈಪರ್-ವಿ ಅಡ್ಡ ಬಂದಿರುತ್ತದೆ. ಮೆಟಾಸ್ಪ್ಲಾಯ್ಟಬಲ್‌ನಂಥ ಬೇಕೆಂದೇ ದುರ್ಬಲವಾಗಿ ಕಟ್ಟಿದ ಯಂತ್ರವನ್ನು ಹೊರಗಿನ ಜಾಲಕ್ಕೆ ಸೇರದ ಹೋಸ್ಟ್-ಓನ್ಲಿ ನೆಟ್‌ವರ್ಕ್‌ನಲ್ಲೇ ಇಡಿ. ಬ್ರಿಡ್ಜ್ಡ್‌ನಲ್ಲಿ ಬಿಟ್ಟರೆ ಹಾಸ್ಟೆಲ್ ವೈಫೈನಲ್ಲಿರುವ ಎಲ್ಲರಿಗೂ ಅದು ತೆರೆದ ಬಾಗಿಲು. ವೆಬ್ ಕಲಿಯಲು ಪೋರ್ಟ್‌ಸ್ವಿಗ್ಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ ಪೂರ್ತಿ ಉಚಿತ. ಅನುಮತಿ ಇಲ್ಲದೆ ಕಾಲೇಜಿನ ಸರ್ವರ್ ಮೇಲೆ ಪ್ರಯೋಗ ಬೇಡವೇ ಬೇಡ, ಐಟಿ ಕಾಯ್ದೆಯ ಕಲಂ 66ರಲ್ಲಿ ಮೂರು ವರ್ಷದವರೆಗೆ ಜೈಲು ಇದೆ.

ಸರ್ಟಿಫಿಕೇಟುಗಳಲ್ಲಿ ಓದುವಾಗ ಒಂದು ಸಾಕು, ಸೆಕ್ಯುರಿಟಿ ಪ್ಲಸ್ ಹೊಸಬರಿಗೆ ಹೊಂದುತ್ತದೆ. ಅನುಭವಿಗಳ ಸರ್ಟಿಫಿಕೇಟಾದ ಸಿಐಎಸ್‌ಎಸ್‌ಪಿಗೆ ಐದು ವರ್ಷದ ಅನುಭವ ಬೇಕು, ಪದವಿ ಇದ್ದರೆ ಅದರಲ್ಲಿ ಹೆಚ್ಚೆಂದರೆ ಒಂದು ವರ್ಷ ಕಡಿಮೆ. ಈಗಲೇ ಅದರ ಕೋಚಿಂಗ್‌ಗೆ ಹಣ ಸುರಿಯಬೇಡಿ. ರಾಜ್ಯ ಸರ್ಕಾರದ ಸೈಬರ್ ಸೆಕ್ಯುರಿಟಿ ಉತ್ಕೃಷ್ಟತಾ ಕೇಂದ್ರ ಸೈಸೆಕ್, ಐಐಎಸ್‌ಸಿ ಆಶ್ರಯದಲ್ಲಿದೆ, ಅದರ ಇಂಟರ್ನ್‌ಶಿಪ್ ಮತ್ತು ತರಬೇತಿ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಕೊನೆಯದಾಗಿ ಪ್ರವೇಶದ ದಿನ. ಪಿಜಿಸಿಇಟಿ ಮತ್ತು ಸಿಸಿಎಂಟಿ ಸುತ್ತುಗಳು ಒಂದರ ಮೇಲೊಂದು ಬರುತ್ತವೆ, ಒಂದು ಕಡೆ ಸೇರಿದ ಮೇಲೆ ಇನ್ನೊಂದು ಕಡೆ ಉತ್ತಮ ಸೀಟು ಬರಬಹುದು. ಮೂಲ ಅಂಕಪಟ್ಟಿ, ಟಿಸಿ ನಮ್ಮ ಹತ್ತಿರವೇ ಇರಲಿ ಅಂತ ಕಾಲೇಜು ಕೇಳಿದರೆ ಕೊಡಬೇಡಿ. ಪರಿಶೀಲಿಸಿದ ಕೂಡಲೇ ಮೂಲ ದಾಖಲೆಗಳನ್ನು ಹಿಂತಿರುಗಿಸಬೇಕು, ಅವನ್ನು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಯುಜಿಸಿ ಮತ್ತು ಎಐಸಿಟಿಇ ಎರಡರ ನಿಯಮ. ಫೀ ಕಟ್ಟಿದ ರಸೀದಿ ಇಟ್ಟುಕೊಳ್ಳಿ, ಸೀಟು ಬಿಡುವುದಾದರೆ ಆ ವರ್ಷದ ಮರುಪಾವತಿ ವೇಳಾಪಟ್ಟಿಯ ಮೊದಲ ದಿನಾಂಕದೊಳಗೆ ಲಿಖಿತವಾಗಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.